ಕಲ್ಯಾಣದಿಂದ ತಾರಾಲೋಕಕ್ಕೆ

ಕಲ್ಯಾಣವೆಂದೊಡನೆ ಕನ್ನಡಿಗರಾದ ನಮ್ಮ ಮನಸ್ಸು ಚಾಲುಕ್ಯರ ರಾಜಧಾನಿಗೂ ಬಸವಣ್ಣನವರ ಅನುಭವಮಂಟಪಕ್ಕೂ ಓಡುವುದು ಸಹಜ. ಊರಿನಿಂದ ಹೊಸದಾಗಿ ಬಂದ ಬಂಧುಗಳು "ನೀವಿರುವುದು ಕಲ್ಯಾಣದಲ್ಲಿಯೇ?" ಎಂದು ಅಚ್ಚರಿಪಟ್ಟಾಗ, ಇದು ಆ ಕಲ್ಯಾಣವಲ್ಲ, ಉಲ್ಹಾಸ ನದಿಯ ದಡದ ರೈಲು ಜಂಕ್ಷನ್ನಿನ ಕಲ್ಯಾಣ ಎಂದು ನಾವು ನಗುತ್ತ ತಿಳಿಯಹೇಳುತ್ತೇವೆ. ಆ ಕಲ್ಯಾಣದ ಚರಿತ್ರೆ ರಾಜ್ಯೋತ್ಸವದ ಸಂಚಿಕೆಗಳಲ್ಲಿ ಅನೇಕ ಬಾರಿ ಬಂದಿದೆ, ಇನ್ನೂ ಬರಬೇಕಾದದ್ದೇ. ಆದರೆ ಈ ಕಲ್ಯಾಣಕ್ಕೂ ಒಂದು ಚರಿತ್ರೆಯುಂಟು. ಅದು ಆಕಾಶಕ್ಕೆ ಸಂಬಂಧಪಟ್ಟದ್ದು. ಇಲ್ಲಿ ಎರಡು ಮೂರು ತಲೆಮಾರಿನಿಂದ ಮನೆಮಾಡಿಕೊಂಡಿರುವ ನಮ್ಮವರಲ್ಲಿಯೂ ಅದನ್ನು ಬಲ್ಲವರು ವಿರಳ. ಅದನ್ನೇ ಈ ಸಲ ವಾಚಕರ ಮುಂದಿಡಲು ಬಯಸುತ್ತೇವೆ.

ಮದುವೆಯ ಮನೆಯಲ್ಲಿ ಅರುಂಧತಿಯನ್ನು ತೋರಿಸುವ ಜನ ನಾವು. ಅಜ್ಜಿಯರು ಅಂಗಳದಲ್ಲಿ ಮಲಗಿಸಿಕೊಂಡು ಸಪ್ತರ್ಷಿಗಳನ್ನೂ ಧ್ರುವನನ್ನೂ ತೋರಿಸಿದ್ದುಂಟು. "ಅಲ್ಲಿಯೂ ನಮ್ಮಂಥವರು ಇದ್ದಾರೆಯೇ?" ಎಂದು ಆಗ ಕೇಳದ ಮಗುವಿಲ್ಲ. ಬಹುಕಾಲ ಈ ಪ್ರಶ್ನೆಗೆ ಪುರಾಣಗಳು ಉತ್ತರ ಹೇಳಿದವು, ಕಥೆಗಾರರು ಉತ್ತರ ಹೇಳಿದರು. ನಮ್ಮ ಕಣ್ಣೆದುರಿನಲ್ಲಿಯೇ ಅದು ವೀಕ್ಷಣಾಲಯದ ಪ್ರಶ್ನೆಯಾಯಿತು. ಅನ್ಯ ಸೂರ್ಯರನ್ನು ಸುತ್ತುವ ಗ್ರಹಗಳನ್ನು ಈಗ ಎಣಿಸುತ್ತಿದ್ದಾರೆ. ೨೦೨೫ರ ಸೆಪ್ಟೆಂಬರಿನಲ್ಲಿ ಆ ಎಣಿಕೆ ಆರು ಸಾವಿರವನ್ನು ಮುಟ್ಟಿತು. ಈ ಮಹಾಶೋಧದಲ್ಲಿ ನಾವಿರುವ ನೆಲಕ್ಕೂ ನಾವು ಬಿಟ್ಟುಬಂದ ನಾಡಿಗೂ ಒಂದೊಂದು ಪಾಲು ಇದೆ.

ಈ ನೆಲದ ಪಾಲಿನ ಕಥೆ ಆಸ್ಟ್ರೇಲಿಯಾದಲ್ಲಿ ಮೊದಲಾಗುತ್ತದೆ. ನಕ್ಷತ್ರಗಳಿಂದ ಬೆಳಕು ಬರುವಂತೆಯೇ ರೇಡಿಯೋ ತರಂಗಗಳೂ ಬರುತ್ತವೆ. ಅವನ್ನು ಹಿಡಿದು ಆಕಾಶವನ್ನು ಅರಿಯುವ ವಿದ್ಯೆ ಎರಡನೆಯ ಮಹಾಯುದ್ಧದ ತರುವಾಯ ಸಿಡ್ನಿ ನಗರದಲ್ಲಿ ಬಹಳವಾಗಿ ಬೆಳೆಯಿತು. ಗೋವಿಂದ ಸ್ವರೂಪರೆಂಬ ಭಾರತೀಯ ತರುಣರು ೧೯೫೩ರಲ್ಲಿ ಅಲ್ಲಿಗೆ ಹೋಗಿ ಅದನ್ನು ಅಭ್ಯಾಸಮಾಡಿದರು. ಪಾಟ್ಸ್ ಹಿಲ್ ಎಂಬಲ್ಲಿ ನೀರಿನ ಕಟ್ಟೆಯ ದಂಡೆಯ ಮೇಲೆ ಕ್ರಿಶ್ಚಿಯನ್ಸನ್ ಎಂಬ ವಿಜ್ಞಾನಿ ಆರಾರು ಅಡಿ ಅಗಲದ ೩೨ ಡಿಶ್ಶುಗಳನ್ನು ಸಾಲಾಗಿ ನಿಲ್ಲಿಸಿ ಸೂರ್ಯನನ್ನು ನೋಡುತ್ತಿದ್ದರು. ಅವುಗಳ ಕೆಲಸ ಮುಗಿದು ಗುಜರಿಗೆ ಹೋಗುವ ಕಾಲ ಬಂದಾಗ ಸ್ವರೂಪರು, "ಇವನ್ನು ನಮ್ಮ ದೇಶಕ್ಕೆ ಕೊಡಬಾರದೇ?" ಎಂದು ಬೇಡಿದರು. ಆಸ್ಟ್ರೇಲಿಯದವರು ಸಂತೋಷದಿಂದ ಒಪ್ಪಿದರು. ಆದರೆ ಹಡಗಿನ ಸಾಗಣೆಯ ಖರ್ಚನ್ನು ಕೊಡುವವರಾರು ಎಂಬ ಮಾತಿನಲ್ಲಿಯೇ ಕಾಲ ಕಳೆಯಿತು. ಕಡೆಗೆ ಡಿಶ್ಶುಗಳು ದಿಲ್ಲಿಯನ್ನು ಸೇರಿದವು. ಆ ಹೊತ್ತಿಗೆ ಸ್ವರೂಪರು ಅಮೆರಿಕೆಗೆ ಹೋಗಿದ್ದರು. ಕೊಂಡುಬಂದ ಸಾಮಾನು ಕೈಹಚ್ಚುವವರಿಲ್ಲದೆ ಮೂಲೆಯಲ್ಲಿ ಉಳಿಯಿತು.

೧೯೬೧ರಲ್ಲಿ ಸ್ವರೂಪರೂ ಹೊರದೇಶಗಳಲ್ಲಿದ್ದ ಇನ್ನೂ ಮೂವರು ಭಾರತೀಯರೂ ಕೂಡಿ, ಸ್ವದೇಶಕ್ಕೆ ಮರಳಿ ರೇಡಿಯೋ ಖಗೋಳವಿಜ್ಞಾನವನ್ನು ಬೆಳೆಸುವ ಇಚ್ಛೆಯನ್ನು ತಿಳಿಸಿ ನಮ್ಮ ವಿಜ್ಞಾನಸಂಸ್ಥೆಗಳಿಗೆ ಪತ್ರ ಬರೆದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಹೋಮಿ ಭಾಭಾ ಅವರು ತಡಮಾಡಲಿಲ್ಲ. ೧೯೬೨ರ ಜನವರಿಯಲ್ಲಿ ತಂತಿಯ ಮೂಲಕವೇ ಒಪ್ಪಿಗೆಯನ್ನು ಕಳುಹಿಸಿದರು. ೧೯೬೩ರಲ್ಲಿ ಸ್ವರೂಪರು ಮುಂಬಯಿಗೆ ಬಂದರು, ದಿಲ್ಲಿಯ ಡಿಶ್ಶುಗಳನ್ನು ತರಿಸಿಕೊಂಡರು, ಅವನ್ನು ನಿಲ್ಲಿಸಲು ಕಲ್ಯಾಣದ ಹತ್ತಿರ ಜಾಗವನ್ನು ಆರಿಸಿಕೊಂಡರು.

ಪೂರ್ವಪಶ್ಚಿಮವಾಗಿ ೬೩೦ ಮೀಟರು ಉದ್ದಕ್ಕೆ ೨೪ ಡಿಶ್ಶುಗಳು, ದಕ್ಷಿಣೋತ್ತರವಾಗಿ ೨೫೬ ಮೀಟರು ಉದ್ದಕ್ಕೆ ೮. ಹೀಗೆ ಒಟ್ಟು ೩೨. ೧೯೬೫ರ ಏಪ್ರಿಲಿನಲ್ಲಿ ಅವು ಕೆಲಸಕ್ಕೆ ತೊಡಗಿದವು. ಒಂದೊಂದು ಡಿಶ್ಶೂ ಆಳೆತ್ತರದ್ದೇ ಆದರೂ ಎಲ್ಲವನ್ನೂ ತಂತಿಯಿಂದ ಕೂಡಿಸಿದಾಗ ಅವು ಒಂದೇ ದೊಡ್ಡ ಕಿವಿಯಂತೆ ವರ್ತಿಸುತ್ತಿದ್ದವು. ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣದ ಸೂರ್ಯನ ಹೊರ ಪ್ರಭಾವಲಯದ ಬಿಸಿ ಹತ್ತು ಲಕ್ಷ ಡಿಗ್ರಿಯಷ್ಟೆಂದು ಇಲ್ಲಿ ಅಳೆದರು. ಕೆಲಸ ಕಲಿತದ್ದು ಆಗಷ್ಟೇ ತರಬೇತಿ ಮುಗಿಸಿದ ತರುಣರು. ನಮ್ಮ ಹಿರಿಯರು ಚಾಳಿನ ಕೋಣೆಗಳಲ್ಲಿದ್ದು ಗಿರಣಿಗೂ ಹೋಟೆಲಿಗೂ ಕಚೇರಿಗೂ ಹೋಗಿಬರುತ್ತಿದ್ದ ಕಾಲವದು. ಅವರು ಹತ್ತಿದ ಗಾಡಿಯಲ್ಲಿಯೇ ಆ ತರುಣರೂ ಓಡಾಡಿದ್ದಾರು!

ಕಲ್ಯಾಣದ ಡಿಶ್ಶುಗಳು ಅನ್ಯ ಗ್ರಹಗಳನ್ನು ನೋಡಲಿಲ್ಲ. ನೋಡಿದ್ದು ನಮ್ಮ ಸೂರ್ಯನೊಬ್ಬನನ್ನೇ. ಅವುಗಳ ಕೆಲಸವೂ ಕೆಲವೇ ವರ್ಷ ನಡೆಯಿತು. ಆದರೆ ಬೀಜ ಚಿಕ್ಕದೆಂದು ಮರವನ್ನು ಅಲ್ಲಗಳೆಯಲಾದೀತೇ? ಇಲ್ಲಿ ಪಳಗಿದ ಕೈಗಳೇ ನೀಲಗಿರಿಗೆ ಹೋಗಿ ೧೯೭೦ರಲ್ಲಿ ಊಟಿಯ ರೇಡಿಯೋ ದೂರದರ್ಶಕವನ್ನು ಎಬ್ಬಿಸಿದವು. ಊಟಿಯ ಅಕ್ಷಾಂಶ ಸುಮಾರು ೧೧ ಡಿಗ್ರಿ. ಅಷ್ಟೇ ಓಟವಿರುವ ಬೆಟ್ಟದ ಇಳಿಜಾರನ್ನು ಹುಡುಕಿ ಅದರ ಮೇಲೆ ೫೩೦ ಮೀಟರು ಉದ್ದದ ದೂರದರ್ಶಕವನ್ನು ಮಲಗಿಸಿದರು. ಆಗ ಅದರ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ, ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸುವುದು ಸುಲಭವಾಯಿತು. ಹಣ ಕಡಿಮೆಯಿದ್ದಲ್ಲಿ ಬುದ್ಧಿಯನ್ನು ಹೆಚ್ಚು ಬಳಸಿದ ಉದಾಹರಣೆಯಿದು.

ಮಳೆಗಾಲದಲ್ಲಿ ನಾವು ಕಲ್ಯಾಣದಿಂದ ಮುರಬಾಡದ ಮಾರ್ಗವಾಗಿ ಮಾಳಶೇಜ ಘಾಟಿನ ಜಲಪಾತಗಳನ್ನು ನೋಡಲು ಹೋಗುವುದುಂಟು. ಘಾಟನ್ನು ಹತ್ತಿ ಜುನ್ನರ ತಾಲೂಕಿಗೆ ಇಳಿದು ನಾರಾಯಣಗಾಂವಿನ ಕಡೆ ತಿರುಗಿದರೆ ಖೋಡದ ಎಂಬ ಹಳ್ಳಿ ಸಿಗುತ್ತದೆ. ಸ್ವರೂಪರೂ ಅವರ ಸಂಗಡಿಗರೂ ಕಟ್ಟಿದ ಮೂರನೆಯ ದೂರದರ್ಶಕ ಅಲ್ಲಿದೆ. ೪೫ ಮೀಟರು ಅಗಲದ ೩೦ ಡಿಶ್ಶುಗಳು ಸುತ್ತಲಿನ ಹೊಲಗಳ ನಡುವೆ ೨೫ ಕಿಲೋಮೀಟರಿನವರೆಗೆ ಹರಡಿವೆ. ೨೦೦೧ರಲ್ಲಿ ಅದನ್ನು ದೇಶಕ್ಕೆ ಸಮರ್ಪಿಸಿದರು. ೨೦೧೬ರ ಅಕ್ಟೋಬರಿನಲ್ಲಿ ಯುರೋಪಿನ ನೌಕೆಯೊಂದು ಮಂಗಳಗ್ರಹದ ಮೇಲೆ ಇಳಿಯುತ್ತಿದ್ದಾಗ ಅದರ ಕ್ಷೀಣ ಸ್ವರವನ್ನು ಕೊನೆಯವರೆಗೂ ಹಿಡಿದದ್ದು ಖೋಡದವೇ. ಹ್ಯಾಟ್-ಪಿ-೧೧ ಎಂಬ ನಕ್ಷತ್ರದ ಗ್ರಹದಿಂದ ರೇಡಿಯೋ ಸದ್ದು ಬರುತ್ತಿದೆಯೇ ಎಂದು ಫ್ರಾನ್ಸಿನ ವಿಜ್ಞಾನಿಗಳು ಇಲ್ಲಿಂದಲೇ ಕಿವಿಗೊಟ್ಟರು. ಒಮ್ಮೆ ಏನೋ ಕೇಳಿಸಿದಂತಾಯಿತು; ಮರುವರ್ಷ ಕೇಳಿಸಲಿಲ್ಲ. ಸುಳಿವೆಂದಷ್ಟೇ ೨೦೧೩ರಲ್ಲಿ ಪ್ರಕಟಿಸಿದರು. ಸ್ವರೂಪರು ೨೦೨೦ರ ಸೆಪ್ಟೆಂಬರ್ ೭ರಂದು ತೀರಿಕೊಂಡರು. ಅವರ ಮೊದಲ ಹೆಜ್ಜೆ ಬಿದ್ದದ್ದು ನಮ್ಮ ಕಲ್ಯಾಣದಲ್ಲಿ ಎಂಬುದನ್ನು ನಾವು ಮರೆಯಬಾರದು.

ಇನ್ನು ಕನ್ನಡನಾಡಿನ ಪಾಲು. ಗಡಿಯ ಈಚೆಯ ಕುರುಂದವಾಡದಲ್ಲಿ ೧೯೫೬ರಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬೆಳೆದು ಅಲ್ಲಿಯೇ ಶಾಲೆ ಕಲಿತವರು ಶ್ರೀನಿವಾಸ ಕುಲಕರ್ಣಿಯವರು. ಲೇಖಕಿ ಸುಧಾ ಮೂರ್ತಿಯವರ ತಮ್ಮ. ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, ೧೯೮೨ರಲ್ಲಿ, ಡಾನ್ ಬ್ಯಾಕರ್ ಮೊದಲಾದವರೊಡನೆ ಅವರು ಒಂದು ವಿಚಿತ್ರ ತಾರೆಯನ್ನು ಕಂಡುಹಿಡಿದರು. ಅದು ಸೆಕೆಂಡಿಗೆ ೬೪೨ ಸುತ್ತು ತಿರುಗುತ್ತಿತ್ತು! ಪ್ರತಿ ಸುತ್ತಿಗೂ ಒಂದು ರೇಡಿಯೋ ಮಿಡಿತ. ಆ ಮಿಡಿತ ಗಡಿಯಾರಕ್ಕಿಂತ ನಿಯತ. ಇಂಥ ತಾರೆಗೆ ಗ್ರಹವಿದ್ದರೆ ಅದು ತಾರೆಯನ್ನು ಅತ್ತಿತ್ತ ಎಳೆಯುವುದರಿಂದ ಮಿಡಿತ ಸ್ವಲ್ಪ ಮುಂಚೆ ಅಥವಾ ಸ್ವಲ್ಪ ತಡವಾಗಿ ಬರಬೇಕು. ಹತ್ತು ವರ್ಷಗಳ ಅನಂತರ, ೧೯೯೨ರಲ್ಲಿ, ವೋಲ್ಶ್ಚಾನ್ ಮತ್ತು ಫ್ರೇಲ್ ಎಂಬಿಬ್ಬರು ಅದೇ ಜಾತಿಯ ಇನ್ನೊಂದು ತಾರೆಯಲ್ಲಿ ಇದನ್ನೇ ಕಂಡರು. ನಮ್ಮ ಸೌರಮಂಡಲದ ಹೊರಗೆ ನಿಶ್ಚಿತವಾಗಿ ಸಿಕ್ಕ ಮೊದಲ ಗ್ರಹಗಳು ಅವು.

ಆದರೆ ಅವು ಸತ್ತ ತಾರೆಯ ಸುತ್ತಲಿನ ಗ್ರಹಗಳು. ನಮ್ಮ ಸೂರ್ಯನಂಥ ತಾರೆಗೆ ಗ್ರಹವುಂಟೆಂದು ತೋರಿಸಿದವರು ಸ್ವಿಟ್ಜರ್ಲೆಂಡಿನ ಮೇಯರ್ ಮತ್ತು ಕೆಲೋ. ೧೯೯೫ರ ಅಕ್ಟೋಬರಿನಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಸಮ್ಮೇಳನದಲ್ಲಿ ಅವರು ಅದನ್ನು ಸಾರಿದರು. ೨೦೧೯ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ಅದೇ ಸಮ್ಮೇಳನದಲ್ಲಿ ಕುಲಕರ್ಣಿಯವರ ತಂಡವು ನಕ್ಷತ್ರವೂ ಆಗದ, ಗ್ರಹವೂ ಅಲ್ಲದ ನಡುವಣ ಕಾಯವೊಂದನ್ನು ಮೊದಲ ಬಾರಿಗೆ ನಿಸ್ಸಂದೇಹವಾಗಿ ತೋರಿಸಿತು. ಹುಬ್ಬಳ್ಳಿಯ ಹುಡುಗ ಮುಂದೆ ೨೦೨೪ರ ಶಾ ಪಾರಿತೋಷಕಕ್ಕೆ ಪಾತ್ರರಾದರು.

ಹೊಸಕೋಟೆಯ ಹೆಸರನ್ನು ಬೆಂಗಳೂರಿನ ಕಡೆಯವರೆಲ್ಲ ಬಲ್ಲರು. ಅಲ್ಲಿ ಭಾರತೀಯ ಖಭೌತ ಸಂಸ್ಥೆಯ ಒಂದು ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ ೪,೫೦೦ ಮೀಟರು ಎತ್ತರದಲ್ಲಿ, ಉಸಿರಾಟವೂ ಕಷ್ಟವಾಗುವ ಚಳಿಯಲ್ಲಿ, ೨೦೦೦ದಲ್ಲಿ ಕಣ್ತೆರೆದ ೨ ಮೀಟರಿನ ಹಿಮಾಲಯ ಚಂದ್ರ ದೂರದರ್ಶಕವಿದೆ. ಹೊಸಕೋಟೆಯಲ್ಲಿ ಕುಳಿತವರು ಉಪಗ್ರಹದ ಸಂಪರ್ಕದಿಂದ ಅದನ್ನು ತಿರುಗಿಸುತ್ತಾರೆ, ಅದು ಕಂಡದ್ದನ್ನು ಕಾಣುತ್ತಾರೆ. ಕುಂಭರಾಶಿಯ ದಿಕ್ಕಿನಲ್ಲಿ, ಸುಮಾರು ೪೦ ಜ್ಯೋತಿರ್ವರ್ಷ ದೂರದಲ್ಲಿ, ಟ್ರ್ಯಾಪಿಸ್ಟ್-೧ ಎಂಬ ಮಂಕಾದ ಕೆಂಪು ತಾರೆಯಿದೆ. (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ.) ದೇವರ ಮುಂದಿನ ನಂದಾದೀಪದ ಎದುರು ಸಣ್ಣ ಹುಳು ಹಾದರೆ ಬೆಳಕು ಒಂದು ಕ್ಷಣ ಕುಂದುವುದಷ್ಟೆ? ಹಾಗೆಯೇ ತಾರೆಯ ಎದುರು ಗ್ರಹ ಹಾದಾಗ ಬೆಳಕು ಅಲ್ಪಸ್ವಲ್ಪ ಕುಂದುತ್ತದೆ. ಈ ಕುಂದನ್ನು ಅಳೆದು ಟ್ರ್ಯಾಪಿಸ್ಟ್-೧ಕ್ಕೆ ಮೂರು ಗ್ರಹಗಳಿವೆಯೆಂದು ೨೦೧೬ರಲ್ಲಿ ಬೆಲ್ಜಿಯಂನ ಮೈಕೆಲ್ ಜಿಲ್ಲೋನ್ ಅವರ ತಂಡ ಸಾರಿತು. ಆ ಶೋಧದಲ್ಲಿ ಹಾನ್ಲೆಯ ದೂರದರ್ಶಕವೂ ನೆರವಾಯಿತು. ಖಭೌತ ಸಂಸ್ಥೆಯ ದೇವೇಂದ್ರ ಸಾಹು ಅವರ ಹೆಸರು ಆ ಲೇಖನದಲ್ಲಿದೆ. ಮರುವರ್ಷ ಗ್ರಹಗಳ ಎಣಿಕೆ ಏಳಕ್ಕೆ ಏರಿತು. ಅವುಗಳಲ್ಲಿ ಕೆಲವು ನೀರು ದ್ರವರೂಪದಲ್ಲಿ ನಿಲ್ಲಬಹುದಾದಷ್ಟು ಹದವಾದ ದೂರದಲ್ಲಿವೆ.

ಹದವಾದ ದೂರವಿದ್ದ ಮಾತ್ರಕ್ಕೆ ಜೀವವಿರಬೇಕೆಂದಿಲ್ಲ. ಟ್ರ್ಯಾಪಿಸ್ಟಿನ ಒಳಗಿನ ಎರಡು ಗ್ರಹಗಳಿಗೆ ದಟ್ಟವಾದ ಗಾಳಿಯ ಹೊದಿಕೆ ಇದ್ದಂತಿಲ್ಲವೆಂದು ೨೦೨೩ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೋರಿಸಿತು. ೨೦೨೫ರ ಏಪ್ರಿಲಿನಲ್ಲಿ ಭಾರತದಲ್ಲಿ ಹುಟ್ಟಿದ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡವು ೧೨೪ ಜ್ಯೋತಿರ್ವರ್ಷ ದೂರದ ಕೆ೨-೧೮ಬಿ ಎಂಬ ಗ್ರಹದ ಗಾಳಿಯಲ್ಲಿ, ಭೂಮಿಯ ಮೇಲೆ ಸಮುದ್ರದ ಸೂಕ್ಷ್ಮಜೀವಿಗಳಿಂದ ಹುಟ್ಟುವ ಅನಿಲವೊಂದರ ಕುರುಹಿದೆಯೆಂದಿತು. ಬೇರೆ ವಿಜ್ಞಾನಿಗಳು ಅದೇ ಲೆಕ್ಕವನ್ನು ಮತ್ತೆ ಹಾಕಿ, ಕುರುಹು ಸಾಲದೆಂದರು. ಪತ್ರಿಕೆಗಳ ತಲೆಬರಹ ಓಡುವಷ್ಟು ವೇಗವಾಗಿ ವಿಜ್ಞಾನ ಓಡುವುದಿಲ್ಲ.

ಈ ಸಂಯಮಕ್ಕೆ ನಮ್ಮವರದೇ ಉದಾಹರಣೆ ಬೇಕೆಂದರೆ ಅದೂ ಉಂಟು. ೨೦೦೫ರ ಏಪ್ರಿಲಿನಲ್ಲಿ ಹೈದರಾಬಾದಿನಿಂದ ದೊಡ್ಡ ಬೆಲೂನನ್ನು ಹಾರಿಸಿ, ೨೦ರಿಂದ ೪೧ ಕಿಲೋಮೀಟರು ಎತ್ತರದ ಗಾಳಿಯನ್ನು ಉಕ್ಕಿನ ಕೊಳವೆಗಳಲ್ಲಿ ಹಿಡಿದು ತಂದರು. ಮುಖ್ಯ ಸಂಶೋಧಕರು ಪುಣೆಯ ಜಯಂತ ನಾರಳೀಕರರು. ಮಾರ್ಗದರ್ಶಕರಲ್ಲಿ ಒಬ್ಬರು ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್, ೧೯೭೫ರಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದವರು. ಆ ಗಾಳಿಯಲ್ಲಿ ಹಿಂದೆ ಯಾರೂ ಕಾಣದ ಮೂರು ಜಾತಿಯ ಬ್ಯಾಕ್ಟೀರಿಯಗಳು ದೊರೆತವು. ಒಂದಕ್ಕೆ ಆರ್ಯಭಟನ ಹೆಸರನ್ನೇ ಇಟ್ಟರು. ಅವು ಆಕಾಶದಿಂದಲೇ ಇಳಿದವೆಂದು ಸಾರಿದ್ದರೆ ಜಗತ್ತೇ ಬೆರಗಾಗುತ್ತಿತ್ತು. ಆದರೆ ೨೦೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಾಗ, ಇದರಿಂದ ಅನ್ಯಲೋಕದ ಮೂಲ ನಿರ್ಣಯವಾಗದು ಎಂದೇ ಹೇಳಿದರು. ರಾಯರ ಹೆಸರನ್ನು ಹೊತ್ತ ಬೆಂಗಳೂರಿನ ಉಪಗ್ರಹ ಕೇಂದ್ರವು ೨೦೨೩ರ ಚಂದ್ರಯಾನ-೩ರೊಡನೆ ಒಂದು ಉಪಕರಣವನ್ನು ಕಳುಹಿಸಿತು. ದೂರದಿಂದ ನೋಡಿದಾಗ ಜೀವವಿರುವ ನಮ್ಮ ಭೂಮಿಯ ಬೆಳಕು ಹೇಗಿರುತ್ತದೆಂದು ಅಳೆಯುವುದೇ ಅದರ ಕೆಲಸ. ಪರರ ಮನೆಯನ್ನು ಗುರುತಿಸಬೇಕಾದರೆ ಮೊದಲು ನಮ್ಮ ಮನೆಯ ಗುರುತು ತಿಳಿದಿರಬೇಕಲ್ಲವೇ?

ಅಲ್ಲಿಗೆ ನಾವೇ ಹೋಗಲಾಗದೇ ಎಂದು ಮಕ್ಕಳು ಕೇಳುತ್ತಾರೆ. ೧೯೭೭ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಹಾರಿಸಿದರು. ಮೊದಲನೆಯದು ೨೦೧೨ರಲ್ಲಿ, ಎರಡನೆಯದು ೨೦೧೮ರಲ್ಲಿ ಸೂರ್ಯನ ಗಾಳಿಯ ಎಲ್ಲೆಯನ್ನು ದಾಟಿ ತಾರೆಗಳ ನಡುವಣ ಬಯಲನ್ನು ಸೇರಿದವು. ಆ ದೂರ ಎಷ್ಟು? ಸೂರ್ಯನಿಗೂ ಭೂಮಿಗೂ ನಡುವಣ ಹದಿನೈದು ಕೋಟಿ ಕಿಲೋಮೀಟರನ್ನು ಒಂದು ಮೀಟರಿಗೆ ಇಳಿಸಿಕೊಳ್ಳೋಣ. ಆಗ ಮೊದಲ ವಾಯೇಜರು ಸುಮಾರು ಅರ್ಧ ಶತಮಾನದಲ್ಲಿ ಸಾಗಿರುವುದು ೧೭೦ ಮೀಟರಿನಷ್ಟು. ಹನ್ನೆರಡು ಡಬ್ಬಿಯ ಲೋಕಲ್ ಗಾಡಿಯ ಉದ್ದಕ್ಕಿಂತ ಕಡಿಮೆ. ಡೊಂಬಿವಲಿಯಲ್ಲಿ ಹೊರಟ ಗಾಡಿ ಇನ್ನೂ ಡೊಂಬಿವಲಿಯ ಪ್ಲಾಟ್‌ಫಾರಮನ್ನು ಬಿಟ್ಟಿಲ್ಲ! ಅತಿ ಹತ್ತಿರದ ತಾರೆಯೋ ೨೬೮ ಕಿಲೋಮೀಟರು ದೂರ. ನಾವು ಊರಿಗೆ ಹೋಗುವ ದಾರಿಯಲ್ಲಿ ಸಾತಾರೆಯ ಆಚೆ. ಟ್ರ್ಯಾಪಿಸ್ಟ್-೧ ಎರಡೂವರೆ ಸಾವಿರ ಕಿಲೋಮೀಟರು, ಕೋಲ್ಕತ್ತೆಯನ್ನೂ ಮೀರಿ.

ಹಾಗಿದ್ದೂ ಆ ನೌಕೆಗಳು ನಮಗೆ ಪರಕೀಯವಲ್ಲ. ಒಂದೊಂದರಲ್ಲಿಯೂ ಚಿನ್ನದ ಲೇಪವುಳ್ಳ ತಾಮ್ರದ ಗ್ರಾಮಫೋನ್ ತಟ್ಟೆಯಿದೆ. ಎಂದಾದರೂ ಯಾರಾದರೂ ಕೇಳಲೆಂದು ೫೫ ಭಾಷೆಗಳ ವಂದನೆಗಳನ್ನು ಅದರಲ್ಲಿ ಮುದ್ರಿಸಿದ್ದಾರೆ. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭವನ್ನು ಕೋರುವ ಚಿಕ್ಕ ಮಾತು ಅದು. ನಾವು ಬಾಳುತ್ತಿರುವ ನಾಡಿನ ಮರಾಠಿಯೂ ಅದೇ ತಟ್ಟೆಯಲ್ಲಿದೆ. ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರಕರರು ಹಾಡಿದ ಭೈರವಿಯೂ ಇದೆ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಸಾಧಿಸಿದ ಘರಾಣೆ ಅದೇ. ಕೇಸರಬಾಯಿಯವರು ತೀರಿಕೊಂಡದ್ದು ೧೯೭೭ರ ಸೆಪ್ಟೆಂಬರಿನಲ್ಲಿ, ಮೊದಲ ವಾಯೇಜರು ಹೊರಟ ತಿಂಗಳಿನಲ್ಲಿಯೇ. ಭೂಮಿಯ ಮೇಲೆ ಗಡಿಯ ವಾದ ಏನೇ ಇರಲಿ, ಅಲ್ಲಿ ಕನ್ನಡವೂ ಮರಾಠಿಯೂ ಒಂದೇ ತಟ್ಟೆಯಲ್ಲಿ ಪ್ರವಾಸ ಮಾಡುತ್ತಿವೆ.

ಇಲ್ಲಿಗೆ ಬಂದಾಗ ನಮ್ಮ ಮನಸ್ಸಿನಲ್ಲಿ ಒಂದು ಚಿಂತೆ ಹುಟ್ಟುತ್ತದೆ. ಆ ತಟ್ಟೆಯ ಕನ್ನಡವನ್ನು ಅನ್ಯಲೋಕದವರು ತಿಳಿಯುವರೋ ಇಲ್ಲವೋ ಹೇಳಲಾಗದು. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಅದನ್ನು ತಿಳಿಯುವರೇ? ಅವರು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದುತ್ತಾರೆ, ಗೆಳೆಯರೊಡನೆ ಮರಾಠಿ ಹಿಂದಿಗಳಲ್ಲಿ ಆಡುತ್ತಾರೆ. ಅದು ತಪ್ಪಲ್ಲ, ಇರುವ ನೆಲದ ನುಡಿಯನ್ನು ಕಲಿಯುವುದು ಧರ್ಮವೇ. ಕನ್ನಡವನ್ನು ಮಾತ್ರ ನಾವು ಊಟಕ್ಕೆ ಕರೆಯಲು, ಗದರಿಸಲು, ಹಬ್ಬದ ದಿನ ಒಂದು ಪದ ಹಾಡಿಸಲು ಬಳಸಿ ಸುಮ್ಮನಾಗುತ್ತೇವೆ. ಮಗು ದೊಡ್ಡ ಪ್ರಶ್ನೆಯನ್ನು ಕೇಳಿದೊಡನೆ ನಾವೇ ಭಾಷೆಯನ್ನು ಬದಲಿಸುತ್ತೇವೆ. ದೊಡ್ಡ ಪ್ರಶ್ನೆಗೆ ಉತ್ತರ ಸಿಗದ ಭಾಷೆಯನ್ನು ಮಗು ಎಷ್ಟು ದಿನ ಇಟ್ಟುಕೊಂಡೀತು?

ವಿಜ್ಞಾನವನ್ನು ಹೇಳಲು ಕನ್ನಡಕ್ಕೆ ಶಕ್ತಿಯಿಲ್ಲವೆಂಬ ಮಾತು ಹಳೆಯ ಮಾತು, ಸುಳ್ಳು ಮಾತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ೧೯೧೮ರಲ್ಲಿಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಬರೆದರು. ಅವರು ಹಾಕಿದ ದಾರಿ ಇದೆ, ನಡೆಯುವವರು ಬೇಕು.

ಆದಕಾರಣ ನಮ್ಮ ಸಂಘದ ಮುಂದೆ ಒಂದು ಸಣ್ಣ ಸೂಚನೆಯನ್ನು ಇಡುತ್ತೇವೆ. ಕರ್ಜತದ ಮಾರ್ಗದಲ್ಲಿ ಬದಲಾಪುರದ ಮುಂದಿನ ವಾಂಗಣಿಯಲ್ಲಿ ಮುಂಬಯಿಯ ಆಕಾಶಪ್ರೇಮಿಗಳು ರಾತ್ರಿಯಿಡೀ ನಕ್ಷತ್ರ ನೋಡುವ ರೂಢಿಯಿದೆ. ಖೋಡದದಲ್ಲಿ ಫೆಬ್ರುವರಿ ೨೮ರ ವಿಜ್ಞಾನ ದಿನದ ಸುಮಾರಿಗೆ ಜನರಿಗೆ ದೂರದರ್ಶಕವನ್ನು ತೋರಿಸುವ ಪದ್ಧತಿಯುಂಟು. ೨೦೨೫ರ ಆಗಸ್ಟಿನಲ್ಲಿ ಖಗೋಳವಿಜ್ಞಾನದ ಅಂತರರಾಷ್ಟ್ರೀಯ ಒಲಿಂಪಿಯಾಡ್ ಪರೀಕ್ಷೆ ನಮ್ಮ ಮುಂಬಯಿಯಲ್ಲಿಯೇ ನಡೆಯಿತು. ವರ್ಷಕ್ಕೆ ಒಮ್ಮೆಯಾದರೂ ಮಕ್ಕಳನ್ನು ಇಂಥ ಕಡೆಗೆ ಕರೆದೊಯ್ದು, ಕಂಡದ್ದನ್ನು ಕನ್ನಡದಲ್ಲಿ ವಿವರಿಸುವ ಏರ್ಪಾಡಾಗಲಿ. ಇದಕ್ಕೆ ಬೇಕಾದದ್ದು ದೊಡ್ಡ ನಿಧಿಯಲ್ಲ. ಒಂದು ಬಸ್ಸು, ಬುತ್ತಿಯ ಚಪಾತಿ ಮತ್ತು ಓದಿಕೊಂಡು ಬಂದ ಒಬ್ಬ ಹಿರಿಯರು.

ಅದಕ್ಕೂ ಮೊದಲು, ಈ ನವೆಂಬರಿನ ಒಂದು ರಾತ್ರಿ ಒಂಬತ್ತರ ಸುಮಾರಿಗೆ ವಾಚಕರು ಮಕ್ಕಳೊಡನೆ ಗಚ್ಚಿಗೆ ಹೋಗಲಿ. ನೆತ್ತಿಯ ಮೇಲೆ ನಾಲ್ಕು ತಾರೆಗಳ ದೊಡ್ಡ ಚೌಕವೊಂದು ಕಾಣುತ್ತದೆ. ಅದರ ಪಶ್ಚಿಮದ ಎರಡು ತಾರೆಗಳೇ ನಮ್ಮ ಪಂಚಾಂಗದ ಪೂರ್ವಾಭಾದ್ರಾ ನಕ್ಷತ್ರ. ಅವೆರಡರ ನಡುವಿನಲ್ಲಿ, ಸ್ವಲ್ಪ ಪಶ್ಚಿಮಕ್ಕೆ, ೧೯೯೫ರಲ್ಲಿ ಗ್ರಹ ಸಿಕ್ಕ ಆ ಸೂರ್ಯನಿದ್ದಾನೆ. ನಗರದ ದೀಪಗಳಲ್ಲಿ ಬರಿಗಣ್ಣಿಗೆ ಕಾಣನು. ವಾಂಗಣಿಯ ಕತ್ತಲೆಯಲ್ಲಿ ಸಣ್ಣ ದುರ್ಬೀನಿಗೆ ಸಿಕ್ಕಾನು. "ಅಲ್ಲಿಯೂ ನಮ್ಮಂಥವರು ಇದ್ದಾರೆಯೇ?" ಎಂದು ಮಗು ಕೇಳಿದರೆ, ಇನ್ನೂ ಗೊತ್ತಿಲ್ಲವೆಂದೇ ಹೇಳೋಣ, ಆದರೆ ಅದನ್ನು ಕನ್ನಡದಲ್ಲಿ ಹೇಳೋಣ. ಮುಂದಿನ ಉತ್ತರವನ್ನು ಆ ಮಗುವೇ ಹುಡುಕಿ ತರಬಹುದು, ನಮಗೆ ಕನ್ನಡದಲ್ಲಿಯೇ ತಿಳಿಯಹೇಳಬಹುದು.